ಬಾಡಿಗೆ ಮನೆಯ ಚಾವಣಿಗೆ ಭಾರ ಹಾಕುವ ಮುನ್ನ

ಹೊಸ ಊರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತೇವೆ. ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೇ ಎಂದು ವಿಚಾರಿಸುತ್ತೇವೆ. ಅಡ್ವಾನ್ಸ್ ವಿಷಯದಲ್ಲಿ ಚೌಕಾಸಿ ಮಾಡುತ್ತೇವೆ. ತಲೆ ಎತ್ತಿ ಚಾವಣಿ ನೋಡುವವರು ಮಾತ್ರ ಕಡಿಮೆ. ಸಾಮಾನು ಇಳಿಸಿ, ಸೊಳ್ಳೆಪರದೆ ಕಟ್ಟಲು ಕೊಕ್ಕೆ ಬಡಿಯುವಾಗಲೋ ಟ್ಯೂಬ್‌ಲೈಟಿನ ಪಟ್ಟಿಗೆ ಸ್ಕ್ರೂ ತಿರುಗಿಸುವಾಗಲೋ ಮೇಲಿನಿಂದ ಒಂದು ಹಿಡಿ ಪುಡಿ ಕಣ್ಣಿಗೆ ಬೀಳುತ್ತದೆ. ಆಗ ಗೊತ್ತಾಗುತ್ತದೆ, ಮುಂದಿನ ಹನ್ನೊಂದು ತಿಂಗಳು ಉದುರುವ ಗಾರೆಯ ಕೆಳಗೆ ಮಲಗಬೇಕು ಎಂದು.

ನಾಗಪುರದ ಉತ್ತರಕ್ಕೆ, ಸಾವನೇರ ತಾಲ್ಲೂಕಿನಲ್ಲಿರುವ ಖಾಪರಖೇಡಾದಲ್ಲಿ ಇದು ದಿನನಿತ್ಯದ ಮಾತು. ಇಲ್ಲಿ ಮಹಾಜೆನ್‌ಕೋದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. 210 ಮೆಗಾವಾಟಿನ 4 ಘಟಕ, 500 ಮೆಗಾವಾಟಿನ 1 ಘಟಕ, ಒಟ್ಟು 1,340 ಮೆಗಾವಾಟ್. ಪಕ್ಕದಲ್ಲೇ ಕೊರಾಡಿಯ ಕೇಂದ್ರ, ಸುತ್ತಮುತ್ತ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಗಣಿಗಳು. ರಾಯಚೂರಿನ ಶಕ್ತಿನಗರದಲ್ಲಿ ಬಾಯ್ಲರ್, ಟರ್ಬೈನ್ ಕೆಲಸ ಕಲಿತವರಿಗೆ ಈ ಊರಿನ ಚಿಮಣಿ, ಬೂದಿ, ಕಲ್ಲಿದ್ದಲಿನ ವ್ಯಾಗನ್ ಯಾವುದೂ ಹೊಸದಲ್ಲ. ಗುತ್ತಿಗೆ ಕೆಲಸಕ್ಕೆ ಬಂದವರು ಆರು ತಿಂಗಳು, ಒಂದು ವರ್ಷ, ಹೆಚ್ಚೆಂದರೆ ಮೂರು ವರ್ಷ ಇರುತ್ತಾರೆ. ಅಷ್ಟಕ್ಕೆ ಮನೆ ರಿಪೇರಿಯ ಗೊಡವೆ ಯಾಕೆ ಎನ್ನುವುದು ಬಾಡಿಗೆದಾರನ ಲೆಕ್ಕ. ಹೇಗೂ ಹೋಗುವವರು, ಸುಣ್ಣ ಹೊಡೆಸಿಕೊಟ್ಟರೆ ಸಾಕು ಎನ್ನುವುದು ಮಾಲೀಕನ ಲೆಕ್ಕ. ಎರಡೂ ಲೆಕ್ಕದಲ್ಲಿ ಚಾವಣಿ ಬಿಟ್ಟುಹೋಗುತ್ತದೆ.

ಪುಣೆ, ಮುಂಬೈ, ಹೈದರಾಬಾದಿನ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗಿರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಉದುರುವ ಚಾವಣಿಗೆ ತಾತ್ಕಾಲಿಕವಾಗಿ ಏನನ್ನಾದರೂ ತೂಗುಹಾಕುವುದು ಹೇಗೆ ಎಂಬ ಪ್ರಶ್ನೆಗೆ ಮೊದಲ ಉತ್ತರ, ತೂಗುಹಾಕಬೇಡಿ ಎಂಬುದೇ. ಭಾರವನ್ನು ನೆಲಕ್ಕೆ ಅಥವಾ ಗಟ್ಟಿ ಗೋಡೆಗೆ ಇಳಿಸಿ. ತಾತ್ಕಾಲಿಕ ಎಂದರೆ ಹೋಗುವಾಗ ಬಿಚ್ಚಿಕೊಂಡು ಹೋಗಬಹುದಾದದ್ದು ಎಂದಷ್ಟೇ ಅರ್ಥ. ಇರುವಷ್ಟು ದಿನ ಹೇಗೋ ನಿಂತರೆ ಸಾಕು ಎಂದಲ್ಲ.

ಗಾರೆ ಯಾಕೆ ಉದುರುತ್ತದೆ

ನಮ್ಮ ಊರಿನ ಹಳೆಯ ಮನೆಗಳಲ್ಲಿ ಚಾವಣಿ ಎಂದರೆ ನಂಬಿಕೆಯ ಜಾಗ. ಉತ್ತರ ಕರ್ನಾಟಕದ ಮಾಳಿಗೆ ಮನೆಯ ಜಂತಿ, ತೊಲೆಗಳಿಗೆ ತೊಟ್ಟಿಲು ಕಟ್ಟುತ್ತಿದ್ದರು, ಬೆಣ್ಣೆ ಮೊಸರಿನ ನೆಲುವು ತೂಗುಹಾಕುತ್ತಿದ್ದರು. ಮಲೆನಾಡು, ಕರಾವಳಿಯ ಹೆಂಚಿನ ಮನೆಯಲ್ಲಿ ಚೌತಿಗೆ ಗಣಪನ ಮೇಲೆ ಫಲಾವಳಿ ಕಟ್ಟುವುದೂ ಮರಕ್ಕೇ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೆಯ ಮದ್ರಾಸ್ ಟೆರೇಸ್ ಮನೆಗಳಲ್ಲೂ ಕೊಕ್ಕೆ ಕೂರುತ್ತಿದ್ದುದು ಮರದ ತೊಲೆಗೇ ಹೊರತು ಇಟ್ಟಿಗೆಯ ಕೆಳಗಿನ ಸುಣ್ಣದ ಗಾರೆಗಲ್ಲ. ಭಾರ ಹೊರುವ ಸದಸ್ಯ ಯಾವುದು, ಬರಿಯ ಹೊದಿಕೆ ಯಾವುದು ಎಂಬುದು ಆ ಮನೆಗಳಲ್ಲಿ ಕಣ್ಣಿಗೇ ಕಾಣುತ್ತಿತ್ತು.

ಕಾಂಕ್ರೀಟ್ ಸ್ಲ್ಯಾಬಿನ ಮನೆಯಲ್ಲಿ ಆ ವ್ಯತ್ಯಾಸ ಬಿಳಿ ಬಣ್ಣದ ಹಿಂದೆ ಅಡಗಿರುತ್ತದೆ. ನಮಗೆ ಕಾಣುವುದು ಬಣ್ಣ. ಅದರ ಹಿಂದೆ ಪುಟ್ಟಿ, ಅದರ ಹಿಂದೆ ಸಿಮೆಂಟ್ ಗಾರೆ, ಅದರ ಹಿಂದೆ ಸ್ಲ್ಯಾಬ್. ಚಾವಣಿಯ ಗಾರೆ ಸುಮಾರು 6 ಮಿಲಿಮೀಟರ್ ಇದ್ದರೆ ಸಾಕು. ಆದರೆ ಸೆಂಟ್ರಿಂಗ್ ಸರಿಯಿಲ್ಲದೆ ಸ್ಲ್ಯಾಬ್ ಏರುತಗ್ಗಾದಾಗ ಅದನ್ನು ಸಮ ಮಾಡಲು ಗೌಂಡಿ ಅಲ್ಲಲ್ಲಿ 20 ಮಿಲಿಮೀಟರ್ ದಪ್ಪಕ್ಕೆ ಮೆತ್ತಿರುತ್ತಾನೆ. ಸೆಂಟ್ರಿಂಗ್ ಹಲಗೆಗೆ ಬಳಿದ ಎಣ್ಣೆ ಸ್ಲ್ಯಾಬಿನ ಕೆಳಮೈಗೆ ಹತ್ತಿದ್ದರೆ, ಗಾರೆ ಹಿಡಿಯಲೆಂದು ಅದನ್ನು ಕಚ್ಚು ಮಾಡದೇ ಬಿಟ್ಟಿದ್ದರೆ, ಆ ಗಾರೆಗೆ ಮೊದಲಿನಿಂದಲೂ ಹಿಡಿತವಿರುವುದಿಲ್ಲ. ಅಂಥ ಗಾರೆ 20 ಮಿಲಿಮೀಟರ್ ದಪ್ಪವಿದ್ದರೆ ಒಂದು ಚದರ ಅಡಿಗೆ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ. ಹಾಸಿಗೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ವಿದರ್ಭದ ಹವೆ ಸೇರುತ್ತದೆ. ಮೇ ತಿಂಗಳಲ್ಲಿ ನಾಗಪುರದ ಸುತ್ತ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ತಾರಸಿ ಸುಟ್ಟು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಜೂನ್ ಮಧ್ಯದ ಮಳೆ ಆ ಬಿರುಕಿಗೆ ಇಳಿದು ಒಳಗಿನ ಕಬ್ಬಿಣ ಮುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡರಿಂದ ಆರು ಪಟ್ಟು ಹೆಚ್ಚುತ್ತದೆ. ಜಾಗ ಸಾಲದೆ ಅದು ಕಾಂಕ್ರೀಟನ್ನೇ ಕೆಳಗೆ ತಳ್ಳುತ್ತದೆ. ಆಗ ಉದುರುವುದು ಗಾರೆ ಮಾತ್ರವಲ್ಲ, ಸ್ಲ್ಯಾಬಿನ ತುಂಡು. ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸುವುದು ಬಾಡಿಗೆದಾರ ಕಲಿಯಬೇಕಾದ ಮೊದಲ ಪಾಠ.

ಕೋಲಿನಿಂದ ತಟ್ಟಿ ನೋಡಿ

ಇದಕ್ಕೆ ಎಂಜಿನಿಯರ್ ಬೇಕಿಲ್ಲ, ಪೊರಕೆಯ ಕೋಲು ಸಾಕು. ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ತಟ್ಟುವ ಜಾಗದ ನೇರ ಕೆಳಗೆ ನಿಲ್ಲದೆ ಪಕ್ಕದಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಕ್ ಎನ್ನುತ್ತದೆ. ಬಿಟ್ಟುಕೊಂಡ ಜಾಗ ಖಾಲಿ ಡಬ್ಬಿಯಂತೆ ಬೊಳ್ಳು ಸದ್ದು ಕೊಡುತ್ತದೆ. ಬೊಳ್ಳಾದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ತಾರೀಕು ಕಾಣುವಂತೆ ಫೋಟೊ ತೆಗೆಯಿರಿ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ತಟ್ಟಿದರೆ ಗೆರೆಯ ಆಚೆಗೂ ಬೊಳ್ಳು ಹಬ್ಬಿದೆಯೇ ಎಂದು ತಿಳಿಯುತ್ತದೆ.

ಕಾಣುವುದು ಮೂರು ಬಗೆ. ಬಣ್ಣ ಹಕ್ಕಳೆ ಎದ್ದಿದ್ದು ತಟ್ಟಿದರೆ ಗಟ್ಟಿ ಸದ್ದು ಬಂದರೆ ಅದು ತೇವದ ಸೂಚನೆ, ಸದ್ಯಕ್ಕೆ ಅಪಾಯವಿಲ್ಲ. ಗಾರೆ ಬೊಳ್ಳಾಗಿದ್ದರೆ ಅದನ್ನು ಗೌಂಡಿಯ ಕೈಯಲ್ಲಿ ಕೆಡವಿಸಬೇಕು. ತಾನಾಗಿ ಬೀಳಲಿ ಎಂದು ಕಾಯುವಂತಿಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ನೇರ ಗೆರೆಯಲ್ಲಿ ಕಂದು ಕಲೆ, ಅದೇ ಗೆರೆಯುದ್ದಕ್ಕೂ ಬಿರುಕು, ಅಲ್ಲಲ್ಲಿ ಇಣುಕುವ ತುಕ್ಕು ಹಿಡಿದ ಸರಳು. ಅಲ್ಲಿ ಹಾಸಿಗೆ, ಓದುವ ಮೇಜು, ಮಗು ಆಡುವ ಚಾಪೆ ಯಾವುದೂ ಇರಕೂಡದು. ಅಂಥ ಕೋಣೆಯಲ್ಲಿ ಏನನ್ನು ಎಲ್ಲಿ ತೂಗುಹಾಕಲಿ ಎಂದು ಕೇಳುವ ಕಾಲ ಮುಗಿದಿದೆ. ಮಾಲೀಕರನ್ನು, ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು. ಎರಡೂ ಆಗದಿದ್ದರೆ ಮನೆ ಬದಲಿಸಬೇಕು.

ಅಂಟಿನ ಕೊಕ್ಕೆಯ ಭರವಸೆ

ಡ್ರಿಲ್ ಬೇಡ, ಮೊಳೆ ಬೇಡ, ಅಂಟಿಸಿದರೆ ಸಾಕು ಎಂದು ಮಾರುವ ಕೊಕ್ಕೆಗಳು ಈಗ ಎಲ್ಲ ಅಂಗಡಿಯಲ್ಲೂ ಇವೆ. ಬಾಡಿಗೆ ಮನೆಯವರಿಗೆ ಇದು ವರದಾನವೆಂದು ತೋರುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದ ಕಿಲೋ ಲೆಕ್ಕ ಸಾಮಾನ್ಯವಾಗಿ ನುಣುಪಾದ, ಗಟ್ಟಿಯಾದ ಗೋಡೆಗೆ. ಗೋಡೆಯ ಮೇಲೆ ಭಾರ ಅಂಟಿನ ಉದ್ದಕ್ಕೆ ಜಾರಲು ನೋಡುತ್ತದೆ, ಅದನ್ನು ಅಂಟು ಚೆನ್ನಾಗಿ ತಡೆಯುತ್ತದೆ. ಚಾವಣಿಯ ಮೇಲೆ ಅದೇ ಭಾರ ಅಂಟನ್ನು ನೇರವಾಗಿ ಕಿತ್ತೆಳೆಯುತ್ತದೆ, ಒಂದು ಅಂಚು ಬಿಟ್ಟರೆ ಪೂರ್ತಿ ಸುಲಿದು ಬರುತ್ತದೆ. ಅಂಟು ಹಿಡಿದರೂ ಅದು ಹಿಡಿದಿರುವುದು ಬಣ್ಣವನ್ನು, ಬಣ್ಣ ಹಿಡಿದಿರುವುದು ಪುಟ್ಟಿಯನ್ನು, ಪುಟ್ಟಿ ಹಿಡಿದಿರುವುದು ಉದುರುವ ಗಾರೆಯನ್ನು. ಇವುಗಳಲ್ಲಿ ಎಲ್ಲಕ್ಕಿಂತ ಸಡಿಲವಾದ ಪದರ ಎಷ್ಟು ತಾಳುತ್ತದೋ ಕೊಕ್ಕೆ ಅಷ್ಟೇ ತಾಳುತ್ತದೆ.

ಖಾಪರಖೇಡಾದಲ್ಲಿ ಇನ್ನೆರಡು ತೊಡಕು ಸೇರುತ್ತವೆ. ಗಾಳಿಯಲ್ಲಿ ಬರುವ ನುಣ್ಣನೆಯ ಬೂದಿ ಯಾವ ಮೈಮೇಲಾದರೂ ಕೂರುತ್ತದೆ, ಒರೆಸದೆ ಅಂಟಿಸಿದರೆ ಅಂಟು ಹಿಡಿಯುವುದು ಬೂದಿಯನ್ನು. ಮೇಲಿನ ಮಹಡಿಯ ಕೋಣೆಯ ಬೇಸಿಗೆಯ ಸೆಕೆಗೆ ಅಂಟು ಮೆತ್ತಗಾಗುತ್ತದೆ. ಕಾಗದದ ತೋರಣ, ಹುಟ್ಟುಹಬ್ಬದ ಬಲೂನಿನಂಥ ಹಗುರ ವಸ್ತುಗಳಿಗೆ ಅಂಟಿನ ಕೊಕ್ಕೆ ಸರಿ. ಬಿದ್ದರೆ ನೋವಾಗುವ ಯಾವುದಕ್ಕೂ ಸಲ್ಲದು.

ಯಾವುದಕ್ಕೆ ಯಾವ ದಾರಿ

ಬಾಡಿಗೆ ಮನೆಯಲ್ಲಿ ಚಾವಣಿ ಕೇಳುವ ವಸ್ತುಗಳು ಬೆರಳೆಣಿಕೆಯಷ್ಟು. ಸೊಳ್ಳೆಪರದೆಗೆ ನಾಲ್ಕು ಕೊಕ್ಕೆ ಬಡಿಯುವ ಬದಲು ತಾನೇ ನಿಲ್ಲುವ ಮಡಚುವ ಪರದೆ ತನ್ನಿ. ಮಂಚದ ನಾಲ್ಕು ಕಾಲಿಗೆ ಬಿದಿರು ಅಥವಾ ಪಿವಿಸಿ ಪೈಪು ಕಟ್ಟಿ ಚೌಕಟ್ಟು ಮಾಡಿಕೊಂಡರೂ ಆಯಿತು. ಊರಿಗೆ ಹೋಗುವಾಗ ಅದೂ ಲಾರಿ ಹತ್ತುತ್ತದೆ. ಕಿಟಕಿ ಪರದೆಗೆ ಎರಡು ಬದಿಯ ಗೋಡೆಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ಸರಳು ಸಿಗುತ್ತದೆ. ಕಿಟಕಿಯ ಚೌಕಟ್ಟಿನ ಒಳಗೆ ಅದನ್ನು ಕೂರಿಸಿದರೆ ಒಂದು ತೂತೂ ಬೇಡ.

ಬಟ್ಟೆ ಒಣಗಿಸುವ ರಾಟೆ ಸರಳುಗಳನ್ನು ಚಾವಣಿಗೆ ಹಾಕುವುದು ಈಗ ರೂಢಿಯಾಗಿದೆ. ಒಣ ಬಟ್ಟೆಯ ತೂಕ ನೋಡಿ ಹಾಕಿದ ಸರಳಿಗೆ ನೆನೆದ ಚಾದರ, ಜೀನ್ಸ್ ಬಿದ್ದಾಗ ತೂಕ ಎಷ್ಟೋ ಪಟ್ಟಾಗುತ್ತದೆ, ಮೇಲಿಂದ ಪ್ರತಿದಿನ ಎಳೆತ, ಜಗ್ಗಾಟ. ಉದುರುವ ಚಾವಣಿಗೆ ಇದಕ್ಕಿಂತ ಕೆಟ್ಟ ಸಂಗಾತಿ ಇಲ್ಲ. ನೆಲದ ಮೇಲೆ ನಿಲ್ಲುವ ಸ್ಟ್ಯಾಂಡ್ ಸಾಕು. ದೀಪಕ್ಕೆ ಚಾವಣಿಯೇ ಬೇಕೆಂದಿಲ್ಲ. ಎಲ್‌ಇಡಿ ಪಟ್ಟಿ ಹಗುರ, ಗೋಡೆಯ ಮೇಲೆ ಬಾಗಿಲಿನ ಎತ್ತರಕ್ಕಿಂತ ತುಸು ಮೇಲೆ ಹಾಕಿದರೆ ಬೆಳಕು ಚೆನ್ನಾಗಿಯೇ ಹರಡುತ್ತದೆ. ತಂತಿಯನ್ನು ಗೋಡೆಗುಂಟ ಪ್ಲಾಸ್ಟಿಕ್ ಕೇಸಿಂಗ್‌ನಲ್ಲಿ ತರಬಹುದು. ಗೋಡೆಯ ಗಾರೆಯೂ ಸಡಿಲವಾಗಿರಬಹುದು, ಅಲ್ಲೂ ಮೊದಲು ತಟ್ಟಿ ನೋಡಿಯೇ ಸ್ಕ್ರೂ ಹಾಕಿ.

ಕೂಲರ್ ವಿಷಯಕ್ಕೂ ಇದೇ ಮಾತು. ನಾಗಪುರದ ಬೇಸಿಗೆ ಕೂಲರಿಲ್ಲದೆ ಕಳೆಯುವುದು ಕಷ್ಟ. 60 ಲೀಟರ್ ನೀರು ಎಂದರೆ ನೀರೊಂದೇ 60 ಕಿಲೋ. ಅದನ್ನು ಕಿಟಕಿಯ ಸರಳಿಗೆ ತೂಗುಹಾಕದೆ ನೆಲದಿಂದ ಎದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲಿಡಿ. ಎದುರಿನ ಕಿಟಕಿ ತುಸು ತೆರೆದಿಡಿ. ಇಲ್ಲವಾದರೆ ಕೂಲರಿನ ತೇವವೆಲ್ಲ ಕೋಣೆಯಲ್ಲೇ ನಿಲ್ಲುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಲಂಕಾರ ಇರುವ ಚಾವಣಿಯಂತೂ ತೇವಕ್ಕೆ ಬೇಗ ಮೆತ್ತಗಾಗುತ್ತದೆ.

ಫ್ಯಾನ್ ಬೇರೆಯೇ ವಿಷಯ. ಅದು ತೂಗುವುದು ಗಾರೆಗಲ್ಲ, ಸ್ಲ್ಯಾಬ್ ಹಾಕುವಾಗಲೇ ಕಟ್ಟಿದ ಕೊಕ್ಕೆಗೆ. ಮನೆಗೆ ಬಂದ ವಾರದಲ್ಲೇ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮೇನ್ ಆರಿಸಿ, ಬಟ್ಟಲು ಇಳಿಸಿ ಕೊಕ್ಕೆ ನೋಡಿಸಿ. ಕೊಕ್ಕೆ ತುಕ್ಕು ತಿಂದು ಸಣ್ಣಗಾಗಿದೆಯೇ, ಬೋಲ್ಟಿನ ಸ್ಪ್ಲಿಟ್ ಪಿನ್ ಇದೆಯೇ, ರಬ್ಬರ್ ಸವೆದಿದೆಯೇ ಎಂಬ ಮೂರು ವಿಷಯ ಸಾಕು. ಓಲಾಡುವ ಫ್ಯಾನ್ ಸುತ್ತಲಿನ ಗಾರೆಯನ್ನು ದಿನವೂ ಅಲುಗಿಸುತ್ತದೆ. ಕೊಕ್ಕೆ ಸಂಶಯವಿದ್ದರೆ ಫ್ಯಾನ್ ಇಳಿಸಿ, ರಿಪೇರಿಯಾಗುವವರೆಗೆ ಪೆಡೆಸ್ಟಲ್ ಫ್ಯಾನ್ ಇಟ್ಟುಕೊಳ್ಳಿ.

ಆ ಕೊಕ್ಕೆಗೆ ತೊಟ್ಟಿಲು ಕಟ್ಟುವ ಮಾತು ಬಂದರೆ ಖಡಾಖಂಡಿತವಾಗಿ ಬೇಡ ಎನ್ನಿ. ಊರಿಂದ ಬಾಣಂತನಕ್ಕೆ ಬಂದ ಹಿರಿಯರು ಜಂತಿಯ ನೆನಪಿನಲ್ಲಿ ಕೇಳುತ್ತಾರೆ, ಅವರ ತಪ್ಪಲ್ಲ. ಜಂತಿಯನ್ನು ಅವರು ಕಣ್ಣಾರೆ ನೋಡಿ ನಂಬಿದ್ದರು. ಈ ಕೊಕ್ಕೆ ಸ್ಲ್ಯಾಬಿನೊಳಗೆ ಹೇಗಿದೆ ಎಂದು ಯಾರೂ ನೋಡಿಲ್ಲ. ತೂಗುವ ಭಾರ ಸುಮ್ಮನೆ ತೂಗುಬಿದ್ದ ಭಾರಕ್ಕಿಂತ ಹೆಚ್ಚು ಜಗ್ಗುತ್ತದೆ. ಕಾಲುಗಳ ಮೇಲೆ ನಿಲ್ಲುವ ತೊಟ್ಟಿಲಲ್ಲೂ ನಾಮಕರಣದ ಶಾಸ್ತ್ರ ಸಾಂಗವಾಗಿ ನಡೆಯುತ್ತದೆ.

ಇಷ್ಟಾದರೂ ಚಾವಣಿಗೆ ಒಂದು ಕೊಕ್ಕೆ ಹಾಕಲೇಬೇಕಾದರೆ ಅದು ಗಟ್ಟಿ ಸದ್ದು ಬರುವ ಜಾಗದಲ್ಲಿ, ಗಾರೆಯನ್ನು ದಾಟಿ ಕಾಂಕ್ರೀಟಿನೊಳಗೆ ಇಳಿಯಬೇಕು. 40 ಮಿಲಿಮೀಟರ್ ಉದ್ದದ ಪ್ಲಗ್ಗನ್ನು 15 ಮಿಲಿಮೀಟರ್ ಗಾರೆಯ ಮೇಲಿಂದ ಹಾಕಿದರೆ ಕೆಲಸಕ್ಕೆ ಬರುವುದು 25 ಮಾತ್ರ. ತಲೆಯ ಮೇಲಿನ ಭಾರಕ್ಕೆ ನೈಲಾನ್ ಪ್ಲಗ್ ಬೇಡ, ಹಿಗ್ಗುವ ಲೋಹದ ಆಂಕರ್ ಬೇಕು. ಫ್ಯಾನಿನ ಡಬ್ಬಿಯಿಂದ ಸ್ವಿಚ್‌ಬೋರ್ಡಿನ ಕಡೆಗೆ ಸ್ಲ್ಯಾಬಿನೊಳಗೆ ತಂತಿಯ ಪೈಪು ಹಾದಿರುತ್ತದೆ, ಆ ಗೆರೆಯಲ್ಲಿ ಡ್ರಿಲ್ ಇಡಕೂಡದು. ಸುತ್ತಿಗೆ ಡ್ರಿಲ್ಲಿನ ನಡುಕಕ್ಕೆ ಪಕ್ಕದ ಬೊಳ್ಳು ಗಾರೆಯೂ ಕಳಚಬಹುದು. ಆದ್ದರಿಂದ ಇದು ಮಾಲೀಕರ ಒಪ್ಪಿಗೆ ಪಡೆದು, ತಿಳಿದವರ ಕೈಯಲ್ಲಿ ಮಾಡಿಸುವ ಕೆಲಸ.

ಬರೆದು ತಿಳಿಸಿ

ನಮ್ಮಲ್ಲಿ ಬಹುಮಂದಿ ಮಾಲೀಕರಿಗೆ ಹೇಳಲು ಹಿಂಜರಿಯುತ್ತಾರೆ. ಭಾಷೆ ಬಾರದು, ಅಡ್ವಾನ್ಸ್ ಹಿಡಿದುಕೊಂಡಾರು, ನೀವೇ ಕೆಡವಿದ್ದೀರಿ ಎಂದಾರು ಎಂಬ ಅಳುಕು. ಭಾಷೆಯ ಅಳುಕು ಸಣ್ಣದು. ಸೋರಿಕೆಗೆ ಮರಾಠಿಯಲ್ಲಿ ಗಳತಿ, ಹಕ್ಕಳೆಗೆ ಪೋಪಡೆ. ಕೆಲಸದವನು ಗವಂಡಿ, ಅಂದರೆ ನಮ್ಮ ಗೌಂಡಿಯೇ. ‘ಸ್ಲ್ಯಾಬ್‌ಚಂ ಪ್ಲಾಸ್ಟರ್ ಪಡತಂಯ’ ಎಂದು ಫೋಟೊ ಜೊತೆ ಕಳಿಸಿದರೆ ಮಾತು ಶುರುವಾಗುತ್ತದೆ. ನಾಗಪುರದಲ್ಲಿ ಹಿಂದಿಯೂ ನಡೆಯುತ್ತದೆ.

ಉಳಿದ ಅಳುಕಿಗೆ ಕಾಗದವೇ ಮದ್ದು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಬಾಡಿಗೆದಾರ ತಾನು ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿ ಬಿಡಬೇಕು. ಸಹಜ ಸವಕಳಿಗೆ ಆತ ಹೊಣೆಯಲ್ಲ. ಪಡೆದ ಸ್ಥಿತಿ ಯಾವುದು ಎಂಬುದಕ್ಕೆ ಸಾಕ್ಷಿ, ಮೊದಲ ದಿನ ತೆಗೆದು ಮಾಲೀಕರಿಗೆ ಕಳಿಸಿದ ಚಾವಣಿಯ ಫೋಟೊ.

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆ ತನ್ನ ಅನುಸೂಚಿಯಲ್ಲಿರುವ ಪ್ರದೇಶಗಳಿಗೆ ಅನ್ವಯಿಸುತ್ತದೆ. ಕರಾರು ಬೇರೆ ಹೇಳದಿದ್ದರೆ ಮನೆಯನ್ನು ವಾಸಯೋಗ್ಯವಾಗಿ ಇಡುವುದು ಮಾಲೀಕರ ಹೊಣೆ ಎನ್ನುತ್ತದೆ ಅದರ 14ನೇ ಸೆಕ್ಷನ್. ಕನಿಷ್ಠ 15 ದಿನದ ಲಿಖಿತ ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ರಿಪೇರಿ ಆಗದಿದ್ದರೆ ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು, ವರ್ಷದ ಬಾಡಿಗೆಯ ಕಾಲು ಭಾಗದ ಮಿತಿಯಲ್ಲಿ. ತಿಂಗಳ ಬಾಡಿಗೆ 8,000 ರೂಪಾಯಿ ಎಂದಿಟ್ಟುಕೊಂಡರೆ ಆ ಮಿತಿ 24,000. ಆದರೆ ಮಹಾರಾಷ್ಟ್ರದಲ್ಲಿ ನಮ್ಮ ಕೈಗೆ ಬರುವುದು ಸಾಮಾನ್ಯವಾಗಿ ಬಾಡಿಗೆ ಕರಾರಲ್ಲ, ‘ಲೀವ್ ಅಂಡ್ ಲೈಸೆನ್ಸ್’ ಪತ್ರ. ಬಾಡಿಗೆದಾರನ ಹಕ್ಕುಗಳು ಅದರಲ್ಲಿ ತಾವಾಗಿ ಬರುವುದಿಲ್ಲ. ಆದ್ದರಿಂದ ಸಹಿ ಹಾಕುವ ಮುನ್ನವೇ ‘ಚಾವಣಿ, ಸೋರಿಕೆ ಮತ್ತು ಒಳಗಿನ ವೈರಿಂಗ್ ರಿಪೇರಿ ಮಾಲೀಕರದು’ ಎಂಬ ಒಂದು ಸಾಲು ಸೇರಿಸಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆಯೂ ಕಟ್ಟಡದ ರಚನೆಯ ರಿಪೇರಿಯನ್ನು ಮಾಲೀಕರ ಪಟ್ಟಿಗೇ ಹಾಕಿದೆ. ಅದು ರಾಜ್ಯಗಳಿಗೆ ಮಾದರಿ ಮಾತ್ರವಾದರೂ ನಿಮ್ಮ ಬೇಡಿಕೆ ಅತಿಯಾದದ್ದಲ್ಲ ಎಂದು ತೋರಿಸಲು ಸಾಕು.

ಇಷ್ಟು ಮಾಡದೆ ಉದುರುವ ಚಾವಣಿಯ ಕೆಳಗೆ ಪಿವಿಸಿ ಹಾಳೆ, ಥರ್ಮೊಕೋಲ್, ಸೀರೆ ಕಟ್ಟಿ ಮರೆಮಾಡುವವರಿದ್ದಾರೆ. ಬಿದ್ದ ಗಾರೆ ಅದರ ಮೇಲೆ ಕಾಣದಂತೆ ಗುಡ್ಡೆಯಾಗುತ್ತದೆ, ಒಂದು ದಿನ ಎಲ್ಲ ಒಟ್ಟಿಗೆ ಬೀಳುತ್ತದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಗಾದೆ ನೆಚ್ಚಿಕೊಂಡು ಗುತ್ತಿಗೆ ಮುಗಿಸಿ ಹೊರಡುವವರು, ದೊಣ್ಣೆ ಇನ್ನೂ ಅಲ್ಲೇ ಬೀಸುತ್ತಿದೆ ಎಂಬುದನ್ನು ಮರೆಯುತ್ತಾರೆ. ನಾವು ಖಾಲಿ ಮಾಡಿದ ಕೋಣೆಗೆ ಮುಂದಿನ ತಿಂಗಳು ಬರುವವನು ಇನ್ನೊಬ್ಬ ವಲಸಿಗ, ಬಳ್ಳಾರಿಯವನೋ ಬಿಹಾರದವನೋ. ಚಾವಣಿಗೆ ಬಳಿದ ಹೊಸ ಸುಣ್ಣವಷ್ಟೇ ಅವನಿಗೆ ಕಾಣುತ್ತದೆ.

ಹೊರ ಊರಿನಲ್ಲಿ ಕನ್ನಡಿಗರು ಮನೆ ಬಿಟ್ಟು ಹೋಗುವಾಗ ಗ್ಯಾಸ್ ಒಲೆ, ಕೂಲರ್, ಹಾಲಿನವನ ಫೋನ್ ನಂಬರನ್ನು ಮುಂದಿನವರಿಗೆ ದಾಟಿಸುವ ಒಳ್ಳೆಯ ರೂಢಿ ಇದೆ. ಅದರ ಜೊತೆಗೆ ಚಾವಣಿಯ ಯಾವ ಮೂಲೆ ಬೊಳ್ಳು, ಯಾವ ಮಳೆಯಲ್ಲಿ ಎಲ್ಲಿ ಸೋರಿತು, ಫ್ಯಾನಿನ ಕೊಕ್ಕೆ ಯಾವಾಗ ನೋಡಿಸಿದ್ದು ಎಂಬ ನಾಲ್ಕು ಸಾಲನ್ನೂ ದಾಟಿಸೋಣ. ಅದೇ ನಾಲ್ಕು ಸಾಲು ಮಾಲೀಕರಿಗೂ ಹೋಗಲಿ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಪೊರಕೆಯ ಕೋಲು ಹಿಡಿದು, ನೀವು ಮಲಗುವ ಜಾಗದ ಮೇಲಿನಿಂದಲೇ ಶುರು ಮಾಡಿ.